ಹಾಪುಕುವಿನ ಎಡದವಡೆ

ದೊಡ್ಡಮ್ಮನ ಮಗ ತಮಿಹಾನನಿಗೆ, ನಿನ್ನ ತಂಗಿ ರಿಪೆಕಾ ಬರೆಯುವುದು.

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಲ್ಲವೆಂದು ನಿನ್ನ ತಮ್ಮನ ಮಗ ಫೋನಿನಲ್ಲಿ ಹೇಳಿದ. ಶ್ವಾಸಕೋಶ ಕೆಟ್ಟಿದೆಯಂತೆ, ಆಕ್ಲೆಂಡಿನ ಆ ಮಹಡಿ ಮನೆಯಿಂದ ಕೆಳಗಿಳಿದರೆ ಮತ್ತೆ ಹತ್ತುವಾಗ ನಡುವೆ ಕೂತು ದಮ್ಮು ತೆಗೆದುಕೊಳ್ಳಬೇಕಂತೆ. "ದೊಡ್ಡಪ್ಪನಿಗೆ ಊರಿಗೆ ಬರಬೇಕು ಅನ್ನಿಸಿದೆ ಅತ್ತೆ. ರಿಪೆಕಾ ಕರೀತಾಳಾ ಕೇಳು ಅಂದ್ರು" ಎಂದ. ಹುಡುಗ ಒಳ್ಳೆಯವನು. ನಿನ್ನ ಪಾಲಿನ ಬೈಗುಳ ಅವನ ಕಿವಿಗೆ ಯಾಕೆ ಎಂದುಕೊಂಡು, "ಕಾಗದ ಬರೀತೀನಿ ಅಂತ ಹೇಳು" ಎಂದು ಇಟ್ಟುಬಿಟ್ಟೆ. ನಿನಗೇ ಫೋನ್ ಮಾಡಿದರೆ ಅರ್ಧಕ್ಕೇ ಇಡುತ್ತೀ. ಕಾಗದವನ್ನು ಹರಿದು ಹಾಕುವವನಾದರೂ ಓದಿಯೇ ಹರಿಯುತ್ತೀ. ಬೇರೆಯವರು ನಿನ್ನ ಬಗ್ಗೆ ಏನಂದರು ಎಂದು ತಿಳಿಯುವ ಚಪಲ ನಿನಗೆ ಚಿಕ್ಕಂದಿನಿಂದಲೂ ಇದೆ.

ಅಕ್ಷರ ನೋಡಿ ನಗಬೇಡ. ನಾನು ಹೋದದ್ದು ನಮ್ಮ ಕೊಲ್ಲಿಯ ಶಾಲೆಗೆ, ಅದೂ ಅಜ್ಜಿಗೆ ಗೆಣಸಿನ ಹೊಲದಲ್ಲಿ ಇನ್ನೊಂದು ಜೊತೆ ಕೈ ಬೇಕಾಗುವವರೆಗೆ. ನೀನು ಪಟ್ಟಣದ ಬೋರ್ಡಿಂಗ್ ಶಾಲೆಗೆ ಹೋದೆ. ಟೈ ಕಟ್ಟಿಕೊಂಡು ರಜಕ್ಕೆ ಬಂದಾಗ ಹಾರಾತಾ ಅಜ್ಜಿ ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ನೋಡಿದಳು. "ಕುತ್ತಿಗೆಗೆ ಹಗ್ಗ ಕಟ್ಟಿ ಕಳಿಸಿದಾರಲ್ಲೋ, ಇನ್ನು ಎಳೆಯೋದೊಂದು ಬಾಕಿ" ಎಂದಳು. ನಾವೆಲ್ಲ ನಕ್ಕೆವು. ಈಗ ನೆನೆಸಿದರೆ ಮುದುಕಿಗೆ ಆವತ್ತೇ ಏನೋ ಕಂಡಿತ್ತು ಅನ್ನಿಸುತ್ತದೆ.

ಹೊಂಡದ ವಿಷಯಕ್ಕೆ ಬರುತ್ತೇನೆ. ಗುಡ್ಡದ ಹಿಂದಿನ ಹೊಂಡ. ಈ ಸಾಲು ಓದುವಾಗ ನಿನ್ನ ಮುಖ ಹೇಗಾಯಿತು ಎಂದು ನೋಡಲು ನಾನು ಅಲ್ಲಿಲ್ಲವಲ್ಲ, ಅದೊಂದೇ ಬೇಜಾರು.

ಆ ದಿನ ನೆನಪಿದೆಯೋ ಇಲ್ಲವೋ, ಇಲ್ಲವೆಂದರೆ ನಾನು ನಂಬುವುದಿಲ್ಲ. ಗಂಡಸರು ಮುದುಕಿ ಬಂಡೆಯಿಂದ ಹಾಪುಕು ಮೀನು ತಂದಿದ್ದರು. ಬಂಡೆ ಎಂದರೆ ನೀರಿನ ಮೇಲೆ ಕಾಣುವ ಬಂಡೆಯಲ್ಲ. ದಡ ಕಣ್ಣಿಗೆ ದಾರದಷ್ಟಾಗುವ ತನಕ ಹುಟ್ಟು ಹಾಕಬೇಕು, ಅವಳಿ ಶಿಖರ ಒಂದರ ಹಿಂದೊಂದು ಅಡಗಬೇಕು, ಭೂಶಿರದ ತುದಿ ಬಿಳಿ ಕಲ್ಲಿಗೆ ತಾಗಿದಂತೆ ಕಾಣಬೇಕು, ಆಗ ದೋಣಿಯ ಕೆಳಗೆ, ಕತ್ತಲೆಯ ಆಳದಲ್ಲಿ ಅವಳು ಕೂತಿರುತ್ತಾಳೆ. ಅವಳ ಮೀನನ್ನು ಸಮುದ್ರದ ದಡದಲ್ಲಿ ಸೀಳುವಂತಿಲ್ಲ. ಮೊದಲು ಸಿಕ್ಕಿದ್ದು ಕಡಲೊಡೆಯ ತಂಗರೋವನಿಗೆ, ಅದು ನೀರಿಗೇ ವಾಪಸ್ಸು. ಉಳಿದವು ಗುಡ್ಡ ಹತ್ತಬೇಕು. ಕೊಡದಷ್ಟು ದಪ್ಪದ ತಲೆ ಹಿರಿಯರಿಗೆ. ಉಂಡಾದ ಮೇಲೆ ಮೂಳೆ ಯಾರ ಕಾಲಿಗೂ ಸಿಗಬಾರದು, ನಾಯಿಯ ಬಾಯಿಗೂ ಸಿಗಬಾರದು, ಗುಡ್ಡದ ಹಿಂದಿನ ಹೊಂಡಕ್ಕೇ ಹೋಗಬೇಕು. ಅದು ಮಡಿಯ ಜಾಗ. ಅಜ್ಜಿ ಬುಟ್ಟಿಯ ಒಂದು ಕಿವಿ ನಿನಗೆ ಕೊಟ್ಟಳು, ಇನ್ನೊಂದು ನನಗೆ. ಮೂಳೆ ಸುರಿದು ವಾಪಸ್ಸು ಬರುವಾಗ ತೊರೆಯಲ್ಲಿ ಕೈ ತೊಳೆಸಿ, ತಲೆಗೆ ನೀರು ಚಿಮುಕಿಸಿ ಹೇಳಿದಳು: "ಇಲ್ಲಿ ಕಂಡಿದ್ದು ಇಲ್ಲೇ. ಹೊರಗಿನವರ ಕಿವಿಗೆ ಬಿದ್ದರೆ ನಾಲಿಗೆ ನಿಮ್ಮದಲ್ಲ, ನನ್ನದು ಅಂತ ಕಿತ್ಕೊಳ್ತೀನಿ." ನೀನು ಹೆದರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ನಾನು ನಿನ್ನನ್ನು ನೋಡಿ ನಕ್ಕಿದ್ದಕ್ಕೆ ನನಗೊಂದು ಏಟು ಬಿತ್ತು.

ಹಾಗೆ ಇಡೀ ಕೊಲ್ಲಿಯ ಬಾಯಿಗೆ ಬೀಗ ಬಿದ್ದಿತ್ತು. ಆ ಬೀಗದ ಮೇಲೆ ನಂಬಿಕೆ ಇಟ್ಟೇ ನೀನು ನಿನ್ನ ಕೆಲಸ ಮಾಡಿದೆ.

ಆ ವಿಚಾರಣೆ ನಡೆದು ಇಪ್ಪತ್ತು ವರ್ಷದ ಮೇಲಾಯಿತು. ಮುದುಕಿ ಬಂಡೆ ನಮ್ಮ ಮಾವೊರಿ ಕುಲದ ಕಟ್ಟುಪಾಡಿಗೆ ಸೇರಿದ್ದೋ, ಮೀನಿನ ಕಂಪನಿಯ ಬಲೆದೋಣಿಗಳಿಗೆ ಬಿಟ್ಟಿದ್ದೋ ಎಂದು ತೀರ್ಮಾನಿಸಲು ಪಟ್ಟಣದ ಟೌನ್ ಹಾಲಿನಲ್ಲಿ ಮಂಡಳಿ ಕೂತಿತು. ನಾನು ಕರಿದ ರೊಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದೆ. ಕಂಪನಿಯವರು ಹಳೆಯ ಕಾಲದ ಕುರುಹು ಅಗೆದು ನೋಡುವವನೊಬ್ಬನನ್ನು ಮೊದಲೇ ಊರಿಗೆ ಕಳಿಸಿದ್ದರು. ಎಲ್ಲಿ ಅಗೆಯಬೇಕೆಂದು ಅವನಿಗೆ ತೋರಿಸಿದವನು ನೀನು. ದಡದ ಮೇಲಿನ ಚಿಪ್ಪಿನ ದಿಬ್ಬ ತೋರಿಸಿದೆ. ನಮ್ಮ ಮಕ್ಕಳುಮರಿ ಗಾಳ ಹಾಕಿ ಹಿಡಿದ ಚಿಕ್ಕ ಮೀನು, ಕೊಲ್ಲಿಯೊಳಗೆ ಬರುವ ಕಹವಾಯಿ ಮೀನು, ಸುಟ್ಟು ತಿಂದ ಚಿಪ್ಪು, ಅವೆಲ್ಲ ಬಿದ್ದ ಜಾಗ. ಅವನು ತೋರಿಸಿದಲ್ಲಿ ಅಗೆದ, ಸಿಕ್ಕಿದ್ದನ್ನು ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. "ಆಳದ ಮೀನಿನ ಒಂದು ಮೂಳೆಯೂ ಇಲ್ಲ. ಈ ಜನ ಕೊಲ್ಲಿ ದಾಟಿ ಮೀನು ಹಿಡಿದ ಗುರುತಿಲ್ಲ" ಎಂದು ಓದಿದ. ಆಗ ಮಂಡಳಿಯವರು ನಿನ್ನನ್ನು ಕೇಳಿದರು, ಇದಲ್ಲದೆ ಬೇರೆ ಜಾಗ ಇದೆಯೇ ಎಂದು.

"ಇಷ್ಟೇ ಸಾರ್. ನಮ್ಮಜ್ಜಿ ಕಾಲದಿಂದ ನಾವು ದಡದಲ್ಲಿ ಆರಿಸಿ ತಿಂದವರು" ಎಂದೆ.

ನಮ್ಮಜ್ಜಿ ಎಂದೆ. ಆ ನಾಲಿಗೆಯಲ್ಲೇ ಅಂದೆ.

ತೀಪೆನೆ ಎದ್ದು ನಿಂತ. ನನ್ನ ಗಂಡನಿಗೆ ಸಭೆಯಲ್ಲಿ ಮಾತಾಡಿ ರೂಢಿಯಿರಲಿಲ್ಲ, ನಿನಗೆ ಗೊತ್ತು. ಅವನು ತನ್ನ ಅಜ್ಜನ ಗಾಳವನ್ನು ಮೇಜಿನ ಮೇಲಿಟ್ಟ. ಬಳ್ಳಿಯಂತೆ ಬಗ್ಗಿಸಿದ ಮರಕ್ಕೆ ಮೂಳೆಯ ಮೊನೆ ಕಟ್ಟಿದ್ದು, ಮೊನೆ ಒಳಕ್ಕೆ ತಿರುಗಿದ್ದು. ಕಂಪನಿಯ ವಕೀಲ ಅದನ್ನು ಬೆಳಕಿಗೆ ಹಿಡಿದು, "ಇದಕ್ಕೆ ಸಿಕ್ಕಬೇಕಾದ್ರೆ ಮೀನೇ ಬಾಗಿಲು ಹುಡುಕ್ಕೊಂಡು ಒಳಗೆ ಬರಬೇಕು. ಕೊರಳಿಗೆ ಹಾಕ್ಕೊಂಡ್ರೆ ಚಂದ ಕಾಣುತ್ತೆ" ಎಂದ. ಹಾಲ್ ನಕ್ಕಿತು. ನಾನು ನಕ್ಕವರನ್ನು ನೋಡಲಿಲ್ಲ, ನಿನ್ನೊಬ್ಬನನ್ನು ನೋಡಿದೆ. ನೀನೂ ನಕ್ಕೆ. ಅಂಥದೇ ಗಾಳದಲ್ಲಿ ಹಿಡಿದ ಮೀನು ತಿಂದು ಬೆಳೆದ ನಿನ್ನ ಹಲ್ಲುಗಳೆಲ್ಲ ಕಂಡವು.

ಮಂಡಳಿಯ ಹೆಂಗಸೊಬ್ಬಳು ಮರ್ಯಾದೆಯಿಂದಲೇ ಕೇಳಿದಳು, "ನೀವು ಆಳದ ಮೀನು ಹಿಡೀತಿದ್ರಿ ಅಂದ್ರೆ ಅದರ ಮೂಳೆ ಎಲ್ಲಿ?" ತೀಪೆನೆಯ ಬಾಯಿ ತೆರೆಯಿತು. ಹೊಂಡ ಅವನದಲ್ಲ, ಅವನು ಮದುವೆಯಾಗಿ ಬಂದವನು. ಹಾರಾತಾ ಅಜ್ಜಿಯ ರಕ್ತದವರು ಬಾಯಿ ಬಿಡದೆ ಅವನು ಬಿಡುವಂತಿಲ್ಲ. ಅವನು ನಿನ್ನ ಕಡೆ ತಿರುಗಿದ. ಗಂಡಸರ ಪೈಕಿ ಅಜ್ಜಿಯ ಹಿರಿಯ ಮೊಮ್ಮಗ ನೀನು, ಆ ಬೀಗ ತೆಗೆಯುವ ಅಧಿಕಾರ ಇದ್ದದ್ದು ನಿನ್ನೊಬ್ಬನಿಗೆ. ನೀನು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ನೀನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ. ತೀಪೆನೆ ಗಾಳವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕೂತ.

ತೀರ್ಪು ಕಂಪನಿಗಾಯಿತು. ಅದರ ಮುಂದಿನ ಬೇಸಿಗೆಗೆ ನೀನು ಕಂಪನಿಯ ನೀಲಿ ದೋಣಿಯ ಚುಕ್ಕಾಣಿ ಹಿಡಿದು ಕೊಲ್ಲಿಯ ಮುಂದೆಯೇ ಹಾದುಹೋದೆ. ಬಂಡೆಯ ದಾರಿ ಯಾರನ್ನೂ ಕೇಳಬೇಕಾಗಿರಲಿಲ್ಲ ನಿನಗೆ. ಅವಳಿ ಶಿಖರ, ಬಿಳಿ ಕಲ್ಲು, ಎಲ್ಲ ಅಜ್ಜಿ ಹೇಳಿಕೊಟ್ಟದ್ದೇ.

ತೀಪೆನೆ ಆಮೇಲೆ ಕಡಲಿಗೆ ಹೋಗಲಿಲ್ಲ. ದೋಣಿ ಮಗುಚಿ ಹಾಕಿದ್ದು ಹಾಗೇ ಇತ್ತು, ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಬಾಗಿಲ ಮುಂದೆ ಕೂತು ನೀರನ್ನು ನೋಡುತ್ತಿದ್ದ. "ಏನು ನೋಡ್ತಾ ಇದೀಯ" ಅಂದರೆ "ಏನೂ ಇಲ್ಲ" ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಬಂಡೆಯಲ್ಲಿ ಏನೂ ಉಳಿದಿರಲಿಲ್ಲ. ಹೃದಯ ನಿಂತು ಸತ್ತ ಎಂದು ಡಾಕ್ಟರು ಬರೆದರು. ಬರೆಯಲಿ. ಅವನ ಹೃದಯ ಆ ಹಾಲಿನ ಮೇಜಿನ ಮೇಲೇ ನಿಂತಿತ್ತು, ದೇಹಕ್ಕೆ ಸುದ್ದಿ ತಲುಪಲು ಮೂರು ವರ್ಷ ಹಿಡಿಯಿತು. ಅವನ ಸಾವಿಗೆ ನೀನು ಬರಲಿಲ್ಲ. ಹೂವಿನ ಬುಟ್ಟಿ ಕಳಿಸಿದೆ. ಅದನ್ನು ನಾನು ಹಂದಿಗೆ ಹಾಕಿದೆ, ಅದೂ ಮೂಸಿ ಬಿಟ್ಟಿತು.

ಈಗ ಕೇಳು. ಹೋದ ಚಳಿಗಾಲದ ಬಿರುಗಾಳಿಗೆ ಗುಡ್ಡದ ಹಿಂಭಾಗ ಕುಸಿದು ರಸ್ತೆಗೆ ಬಂತು. ಮಣ್ಣು ತೆಗೆಯಲು ಬಂದವನು ತೀಪೆನೆಯ ಅಕ್ಕನ ಮಗ. ಅವನು ಯಂತ್ರ ನಿಲ್ಲಿಸಿ ಓಡಿ ಬಂದ. "ಅತ್ತೆ, ಗುಡ್ಡದೊಳಗಿಂದ ಬರೀ ದವಡೆ ಬರ್ತಾ ಇವೆ." ಹೋಗಿ ನೋಡಿದೆವು. ಕಪ್ಪು ಮಣ್ಣು, ಇದ್ದಿಲು, ಮೂಳೆ, ಮತ್ತೆ ಕಪ್ಪು ಮಣ್ಣು, ಮತ್ತೆ ಮೂಳೆ, ಕಂಬಳಿ ಮಡಚಿಟ್ಟ ಹಾಗೆ ಪದರ ಪದರ. ಹಿರಿಯರು ಸೇರಿ ಪ್ರಾರ್ಥನೆ ಮಾಡಿದರು. ಮುದುಕ ಹೇಮಿ, ಯಥಾಪ್ರಕಾರ, "ಮುಚ್ಚಿಬಿಡೋಣ. ಹಾರಾತಾ ಬೀಗ ಹಾಕಿದ್ದು ನಾವು ತೆಗೆಯೋದಾ" ಎಂದ. "ಹೇಮಿ ಮಾವ, ಬೀಗ ನಾವು ತೆಗೀಲಿಲ್ಲ. ಗುಡ್ಡವೇ ಬಾಯಿ ಬಿಟ್ಟಿದೆ. ಹಾರಾತಾ ಈಗ ಮಾತಾಡು ಅಂತಿದಾಳೆ, ನಿನಗೆ ಕಿವಿ ಮಂದ ಆಗಿರೋದಕ್ಕೆ ಅವಳೇನು ಮಾಡ್ತಾಳೆ" ಎಂದೆ. ಮುದುಕ ಸಿಟ್ಟಾದ. ಆಮೇಲೆ ಮೊದಲ ಗುದ್ದಲಿ ತಾನೇ ಹಿಡಿದ.

ಅಗೆಸಿದವಳು ನನ್ನ ಮೊಮ್ಮಗಳು ಮಿಹಿ. ನೀನು ಅವಳನ್ನು ನೋಡಿಲ್ಲ. ತೀಪೆನೆ ಬಾಗಿಲಲ್ಲಿ ಕೂತಿರುತ್ತಿದ್ದನಲ್ಲ, ಆಗ ಅವನ ತೊಡೆಯ ಮೇಲೆ ಕೂತಿರುತ್ತಿದ್ದ ಕೂಸು. ಈಗ ಅವಳು ಹಳೆಯ ಮೂಳೆ ಓದುವುದನ್ನೇ ದೊಡ್ಡ ಕಾಲೇಜಿನಲ್ಲಿ ಕಲಿತು ಬಂದಿದ್ದಾಳೆ. ಇನ್ನೇನೂ ಸಿಗಲಿಲ್ಲವೇ ಓದಲು ಎಂದು ನಾನೇ ಬೈದಿದ್ದೆ. ಅವಳೂ ಅವಳ ಮೇಷ್ಟರೂ ವಾರಗಟ್ಟಲೆ ಜರಡಿ ಹಿಡಿದರು. ಮೂಳೆ ತೊಳೆದು ಒಣಗಿಸಿದ್ದು ನಮ್ಮ ಜಗಲಿಯ ಮೇಲೆ, ಊಟದ ಜಾಗದಿಂದ ದೂರ. ನಾನು ಹಲ್ಲುಜ್ಜುವ ಬ್ರಷ್ಷು ಹಿಡಿದು ಉಜ್ಜುತ್ತಾ ಕೂತೆ, ಉಜ್ಜಿದ ಒಂದೊಂದಕ್ಕೂ ನಿನ್ನ ಹೆಸರು ಹೇಳಿದೆ.

"ಅಜ್ಜಿ, ಇದು ಎಡದವಡೆ, ಇದೂ ಎಡದವಡೆ" ಎಂದು ಮಿಹಿ ತೋರಿಸಿದಳು. "ಒಂದು ಮೀನಿಗೆ ಎರಡು ಎಡದವಡೆ ಇರಲ್ಲ. ಹೀಗೆ ಎಡಗಡೇದನ್ನ ಮಾತ್ರ ಎಣಿಸಿದ್ರೆ ಎಷ್ಟು ಮೀನು ಅಂತ ಗೊತ್ತಾಗುತ್ತೆ."

"ಸರಿಯಾಗಿ ನೋಡು. ನಿನ್ನ ತಮಿಹಾನ ತಾತನಿಗೆ ನಾಲಿಗೆ ಎರಡಿತ್ತು."

"ಅದು ಮೆತ್ತಗಿನ ವಸ್ತು ಅಜ್ಜಿ, ಮಣ್ಣಲ್ಲಿ ಉಳಿಯಲ್ಲ" ಎಂದಳು ಹುಡುಗಿ. ಅವಳ ಬಾಯಿ ನನ್ನದೇ.

ಹಾಪುಕು, ತಮಿಹಾನ. ನನ್ನ ಮುಂಗೈಯಷ್ಟು ಉದ್ದದ ದವಡೆಗಳು. ಬುಟ್ಟಿ ಬುಟ್ಟಿ. ದಡದಲ್ಲಿ ನಿಂತು ಗಾಳ ಹಾಕಿದರೆ ನಿನ್ನ ಹತ್ತು ತಲೆಮಾರಿಗೂ ಸಿಗದ ಮೀನು. ನಡುವೆ ದೊಡ್ಡ ದೊಡ್ಡ ತಾಮುರೆ ಮೀನಿನ ಹಲ್ಲುಗಳೂ ಇದ್ದವು, ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕಲ್ಲಿನ ಗುಂಡುಗಳೂ ಇದ್ದವು. ಮೀನಿನ ಕಿವಿಯೊಳಗೆ ಒಂದು ಕಲ್ಲು ಇರುತ್ತದಂತೆ, ಉಗುರಿನಷ್ಟು. ಅದನ್ನು ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವ ಹಾಗೆ ಬಳೆಗಳು, ವರ್ಷಕ್ಕೊಂದು. "ಇದಕ್ಕೆ ನಮ್ಮಮ್ಮನಷ್ಟು ವಯಸ್ಸಾಗಿತ್ತು" ಎಂದಳು ಒಂದನ್ನು ಹಿಡಿದು. ಕೊನೆಯ ಬಳೆ ನೋಡಿ, ಹಿಡಿದದ್ದು ಬೇಸಿಗೆಯಲ್ಲಿ ಎಂದೂ ಹೇಳಿದಳು. ಬೇಸಿಗೆಯಲ್ಲದೆ ಬೇರೆ ಕಾಲದಲ್ಲಿ ಬಂಡೆಗೆ ಹೋಗುವಂತಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಮೀನು ತನ್ನ ಕಿವಿಯಲ್ಲಿ ಅದನ್ನು ಬರೆದಿಟ್ಟುಕೊಂಡಿತ್ತು. ನಿನ್ನ ಕಿವಿಯಲ್ಲಿ ಏನೂ ಉಳಿಯಲಿಲ್ಲ.

ನನ್ನ ಕೈ ನಿಂತದ್ದು ಬೇರೊಂದು ಮಾತಿಗೆ. ಮಿಹಿ ಎಲ್ಲಕ್ಕಿಂತ ಕೆಳಗಿನ ಪದರದ ದವಡೆಯನ್ನೂ ಎಲ್ಲಕ್ಕಿಂತ ಮೇಲಿನ ಪದರದ ದವಡೆಯನ್ನೂ ಅಕ್ಕಪಕ್ಕ ಇಟ್ಟಳು. ನಡುವೆ ನೂರಾರು ವರ್ಷ ಇದೆಯಂತೆ. ಎರಡೂ ಒಂದೇ ಉದ್ದ. "ಎಲ್ಲಾ ಹಿಡಿದು ಬರಿದು ಮಾಡಿದ್ರೆ ಮೀನು ವರ್ಷ ವರ್ಷ ಚಿಕ್ಕದಾಗ್ತಾ ಬರುತ್ತೆ ಅಜ್ಜಿ. ಇವರು ಬೇಕಾದಷ್ಟು ಹಿಡಿದು ಸಾಕು ಅಂತ ಎದ್ದು ಬಂದಿದಾರೆ." ನೂರಾರು ವರ್ಷ ಕುಗ್ಗದ ಮೀನನ್ನು ನೀನೂ ನಿನ್ನ ನೀಲಿ ದೋಣಿಯೂ ಎಷ್ಟು ಬೇಗ ಮುಗಿಸಿದಿರಿ. ಕೊನೆಕೊನೆಗೆ ನಿನ್ನ ಬಲೆಯಲ್ಲಿ ಬರುತ್ತಿದ್ದದ್ದು ಆ ದವಡೆಯಷ್ಟೇ ಉದ್ದದ ಇಡೀ ಮೀನುಗಳಂತೆ, ಹೇಮಿಯ ಮಗ ಹಡಗುಕಟ್ಟೆಯಲ್ಲಿ ನೋಡಿದ್ದ. ಅವು ಹಾಪುಕುವಿನ ಮಕ್ಕಳು, ತಮಿಹಾನ. ಮಕ್ಕಳನ್ನು ಹಿಡಿದೆ.

ಹೊಂಡದ ತಳದಲ್ಲಿ ಇನ್ನೊಂದು ಸಿಕ್ಕಿತು. ಮೂಳೆಯ ಮೊನೆ, ಗಾಳದ್ದು, ಮುರಿದದ್ದು. ಒಳಕ್ಕೆ ತಿರುಗಿದ್ದು. ಅದು ಹಾಪುಕುವಿನ ದವಡೆಯೊಳಗೇ ಸಿಕ್ಕಿಕೊಂಡಿತ್ತು. ಮೀನು ಬಾಗಿಲು ಹುಡುಕಿಕೊಂಡೇ ಒಳಗೆ ಬಂದಿತ್ತು. ತೀಪೆನೆಯ ಗಾಳವನ್ನು ಪೆಟ್ಟಿಗೆಯಿಂದ ತಂದು ಪಕ್ಕದಲ್ಲಿಟ್ಟೆ. ಮಿಹಿ ನನ್ನ ಭುಜಕ್ಕೆ ಭುಜ ತಾಗಿಸಿ ಕೂತಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಕರೆಯುತ್ತೇನೆಯೇ ಎಂದು ಕೇಳಿದ್ದೀ. ಕುಲದ ಅಂಗಳದ ಹೆಬ್ಬಾಗಿಲಲ್ಲಿ ಬಂದವರು ನಿಲ್ಲಬೇಕು, ಒಳಗಿನ ಹೆಂಗಸು ಸ್ವರ ಎತ್ತಿ ಕರೆಯಬೇಕು, ಅಲ್ಲಿಯ ತನಕ ರಾಜನಾದರೂ ಒಂದು ಹೆಜ್ಜೆ ಇಡುವಂತಿಲ್ಲ. ಆ ಸ್ವರ ಈಗ ನನ್ನದು. ಕರೆಯದೆ ಬಿಟ್ಟು, ನಿನ್ನನ್ನು ಆ ಮಹಡಿಯ ಮೇಲೇ ಕೊಳೆಯಲು ಬಿಡಬೇಕೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ಅದು ಸಣ್ಣ ಶಿಕ್ಷೆ. ನನಗೆ ಸಾಲದು.

ಆದ್ದರಿಂದ ಕರೆಯುತ್ತೇನೆ.

ಮಿಹಿಯ ಮೇಷ್ಟರು ಬರೆದ ವರದಿ ನೋಡಿ ಮಂಡಳಿ ಬಂಡೆಯ ವಿಚಾರಣೆಯನ್ನು ಮತ್ತೆ ತೆರೆದಿದೆ. ಈ ಸಲ ಪಟ್ಟಣದ ಹಾಲಿನಲ್ಲಲ್ಲ, ನಮ್ಮ ಅಂಗಳದಲ್ಲಿ ಕೂರುತ್ತದೆ, ಗೆಣಸು ಕೀಳುವ ತಿಂಗಳಲ್ಲಿ. ಕಂಪನಿಯ ಜನರೂ ಬರುತ್ತಾರೆ. ನೀನೂ ಆವತ್ತೇ ಬಾ. ನಮ್ಮ ಮನೆಯವರು ಹಿಂದಿನ ಅಡುಗೆಮನೆ ಬಾಗಿಲಿಂದ ನುಗ್ಗಿ, ಕೈಗೆ ಸಿಕ್ಕ ಪಾತ್ರೆ ಹಿಡಿಯುತ್ತಾರೆ. ನೀನು ಆ ಬಾಗಿಲಿಗೆ ಬರಬೇಡ. ಹೆಬ್ಬಾಗಿಲಲ್ಲಿ ಅತಿಥಿಗಳ ಜೊತೆ ನಿಲ್ಲು. ನಾನು ಕರೆದಾಗ ಬಂದವರ ಕಡೆಯ ಹೆಂಗಸು ಓಗೊಡಬೇಕಲ್ಲ, ನಿನ್ನ ಪರವಾಗಿ ಯಾರು ಓಗೊಡುತ್ತಾರೆ? ಹೆಂಡತಿ ಬಿಟ್ಟುಹೋದಳು. ಮಗಳು ಆಸ್ಟ್ರೇಲಿಯಾದಲ್ಲಿದ್ದಾಳೆ, ಅವಳಿಗೆ ನಮ್ಮ ಮಾತನ್ನು ನೀನು ಕಲಿಸಲೇ ಇಲ್ಲ. ಕಂಪನಿಯವರು ಯಾರನ್ನೋ ಕರೆತಂದಿರುತ್ತಾರೆ, ಅವಳ ಸೆರಗಿನ ಹಿಂದೆ ನಡೆದು ಬಾ. ಹೇಗೂ ಅಭ್ಯಾಸವಿದೆ.

ಬಂದವರು ತಮ್ಮ ಸತ್ತವರನ್ನು ಹೊತ್ತು ತರಲಿ ಎಂದು ಕರೆಯುವುದು ಪದ್ಧತಿ. ನಾನು ಹೆಸರು ಹಿಡಿದೇ ಕರೆಯುತ್ತೇನೆ. ಹಾರಾತಾಳನ್ನು ಹೊತ್ತು ತಾ ಎನ್ನುತ್ತೇನೆ. ನಿನ್ನ ದಾರಿ ನೋಡುತ್ತಲೇ ಕಣ್ಣು ಮುಚ್ಚಿದ ದೊಡ್ಡಮ್ಮನನ್ನು ಹೊತ್ತು ತಾ ಎನ್ನುತ್ತೇನೆ. ತೀಪೆನೆಯನ್ನು ಹೊತ್ತು ತಾ, ಅವನು ಭಾರ, ನಿಧಾನವಾಗಿ ನಡೆ ಎನ್ನುತ್ತೇನೆ. ಕರೆ ಮುಗಿಯುವ ತನಕ ತಿರುಗಿ ಹೋಗುವಂತಿಲ್ಲ, ನಿನಗೆ ಗೊತ್ತು. ನನಗೆ ಉಸಿರು ಇನ್ನೂ ಚೆನ್ನಾಗಿದೆ. ನಿನಗೆ ಇಲ್ಲ.

ಆಮೇಲೆ ಊಟ. ನಿನಗೆ ಮುಖ್ಯ ಅತಿಥಿಯ ಜಾಗ. ತೆಂಕಣ ಕಡೆಯ ನೆಂಟರು ಹಾಪುಕು ಕಳಿಸುತ್ತೇವೆಂದಿದ್ದಾರೆ, ಅದರ ತಲೆ ನಿನ್ನ ತಟ್ಟೆಗೆ. ಚೀಪಿ ತಿನ್ನು, ದವಡೆ ಎತ್ತಿ ಇಡು. ಅದರ ಪಕ್ಕಕ್ಕೆ ಮಿಹಿ ಹೊಂಡದ ದವಡೆ ತಂದು ಇಡಲಿ ಎಂದುಕೊಂಡಿದ್ದೆ. ಮಡಿಯ ಮೂಳೆಯನ್ನು ಊಟದ ಮೇಜಿಗೆ ತರುವುದೇ ಎಂದು ಹೇಮಿ ಕೂಗಾಡುತ್ತಾನೆ, ಅವನು ಕೂಗಾಡುವುದು ಸರಿಯೇ. ಹಾಗಾಗಿ ಅದನ್ನು ಊಟವಾದ ಮೇಲೆ, ಮಂಡಳಿಯ ಮುಂದೆ ಇಡಿಸುತ್ತೇನೆ. ಮಂಡಳಿಯವರು ಹಿಂದೆ ಕೇಳಿದ್ದನ್ನೇ ಕೇಳಲಿ, ಬೇರೆ ಜಾಗ ಇತ್ತೇ ಎಂದು. ಮಿಹಿ ಉತ್ತರ ಕೊಡಬಲ್ಲಳು, ವರದಿಯೂ ಕೊಡಬಲ್ಲದು. ನನಗೆ ಅದು ನಿನ್ನ ಬಾಯಿಂದ ಬೇಕು. ಈ ಸಲ ದಾರವಿಲ್ಲದ ಚಪ್ಪಲಿ ಹಾಕಿಕೊಂಡು ಬಾ.

ರಾತ್ರಿ ಕುಲದ ಮನೆಯಲ್ಲಿ ಕಿಟಕಿಯ ಪಕ್ಕದ ಒಳ್ಳೆಯ ಹಾಸಿಗೆ ನಿನಗೆ. ಬೆಳಿಗ್ಗೆ ಚಹಾ ಕೈಗೆ ಬರುತ್ತದೆ. ಒಂದು ಲೋಟ ತೊಳೆಯಲು ಬಿಡುವುದಿಲ್ಲ, ಒಂದು ಬೆಂಚು ಎತ್ತಲು ಬಿಡುವುದಿಲ್ಲ. ಮೊಮ್ಮಕ್ಕಳಿಗೆಲ್ಲ ಹೇಳಿಟ್ಟಿದ್ದೇನೆ, "ಅವರು ದೊಡ್ಡ ಅತಿಥಿ, ಕೂತಲ್ಲಿಂದ ಏಳಿಸಬೇಡಿ." ಒಳಗೆ ಅಡುಗೆಮನೆಯಲ್ಲಿ ಎಲ್ಲರೂ ಪಾತ್ರೆ ಉಜ್ಜುತ್ತಾ ಒಬ್ಬರನ್ನೊಬ್ಬರು ಬೈದುಕೊಂಡು ನಗುವುದು ನಿನಗೆ ಕೇಳಿಸುತ್ತಿರುತ್ತದೆ. ನೀನು ಹುಟ್ಟಿದ ಜಾಗದಲ್ಲಿ ನೆಂಟನ ಹಾಗೆ ಕೂತಿರು. ಇದು ನನ್ನ ಸೇಡು. ಸತ್ತರೆ ನಮ್ಮ ಗುಡ್ಡದಲ್ಲೇ ಮಣ್ಣು ಮಾಡುತ್ತೇವೆ, ಅದು ನಿನ್ನ ಹಕ್ಕು, ಅದಕ್ಕೆ ಕೈ ಹಾಕುವುದಿಲ್ಲ. ಬದುಕಿರುವಷ್ಟು ದಿನ ಮಾತ್ರ ಅತಿಥಿ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ಪಾತ್ರೆ ಒರೆಸುವ ಬಟ್ಟೆ ನೇತಾಡುತ್ತಿರುತ್ತದೆ, ಅಜ್ಜಿಯ ಕಾಲದ್ದೇ ಮೊಳೆ. ಅದನ್ನು ನಾನು ನಿನ್ನ ಕೈಗೆ ಕೊಡುವುದಿಲ್ಲ. ತೆಗೆದುಕೋ ಎಂದು ಯಾರೂ ಹೇಳುವುದಿಲ್ಲ. ಮಂಡಳಿಯ ಮುಂದೆ ಹೊಂಡದ ಮಾತನ್ನು ಆಡಿದವನಾದರೆ, ನನ್ನ ಕಣ್ಣೆದುರಿಗೇ ಬಂದು ತೆಗೆದುಕೋ. ಆಡದೆ ಆ ಮೊಳೆಯ ಕಡೆ ಕೈ ಚಾಚಿದರೆ, ನೆನಪಿರಲಿ, ಅಲ್ಲೇ ಪಕ್ಕದಲ್ಲಿ ಮೀನು ಸೀಳುವ ಚೂರಿಯೂ ಇರುತ್ತದೆ.

ಅಲ್ಲಿಯವರೆಗೆ ಔಷಧಿ ತಪ್ಪಿಸಬೇಡ. ಮೆಟ್ಟಿಲು ನಿಧಾನ ಹತ್ತು. ಹೆಣವಾಗಿ ಬಂದರೂ ಮುಖದ ಮೇಲೆ ಬೈದು ಕಳಿಸುವ ಪದ್ಧತಿ ನಮ್ಮಲ್ಲಿದೆ, ಆದರೆ ಹೆಣದ ಮುಖ ಕೆಂಪಾಗುವುದಿಲ್ಲ, ನನಗೆ ಅದರಲ್ಲಿ ಸುಖವಿಲ್ಲ. ಸತ್ತು ತಪ್ಪಿಸಿಕೊಳ್ಳಬೇಡ. ತಂಗರೋವ ನಿನ್ನ ಎದೆಯಲ್ಲಿ ಗೆಣಸು ಕೀಳುವ ತಿಂಗಳ ತನಕ ಸಾಕಾಗುವಷ್ಟು ಗಾಳಿ ಉಳಿಸಲಿ.

ಹೆಬ್ಬಾಗಿಲಲ್ಲಿ ನಿನಗಾಗಿ ಸ್ವರ ಕಾದಿಟ್ಟುಕೊಂಡಿರುವ,
ತೀಪೆನೆಯ ಹೆಂಡತಿ ರಿಪೆಕಾ